ಆಟ ಮುಗಿದ ಮೇಲಿನ ಮಾತು

ಸಿದ್ದಕಟ್ಟೆಯ ಬಯಲಿನಲ್ಲಿ ಯಕ್ಷಗಾನದ ಆಟ ಮುಗಿಯುವಾಗ ಬೆಳಗಿನ ಆರು ಗಂಟೆ. ಭಾಗವತರು ಮಂಗಳ ಹಾಡುವುದಕ್ಕೂ ಪೇಟೆಯಲ್ಲಿ ಮೊದಲ ಬಸ್ಸಿನ ಹಾರ್ನು ಕೇಳುವುದಕ್ಕೂ ಸರಿಹೋಗುತ್ತಿತ್ತು. ಒಂದು ಬಸ್ಸು ಬಂಟ್ವಾಳದ ಕಡೆಗೆ, ಇನ್ನೊಂದು ಮೂಡುಬಿದಿರೆಗೆ, ಮತ್ತೊಂದು ವೇಣೂರಿನ ಮೇಲಾಗಿ ಬೆಳ್ತಂಗಡಿಗೆ. ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿದವರು, ನಿದ್ದೆಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು, ಬೈರಾಸಿನಲ್ಲಿ ತಲೆಯ ಮಂಜು ಒರೆಸಿಕೊಳ್ಳುತ್ತಿದ್ದವರು ಮೂರು ದಿಕ್ಕಿನ ಬಸ್ಸು ಹತ್ತುತ್ತಿದ್ದರು. ಮೂರರಲ್ಲೂ ಮಾತು ಮಾತ್ರ ಒಂದೇ. ಇವತ್ತಿನ ಶಲ್ಯ ಹೇಗೆ? ಶಲ್ಯ ಅಡ್ಡಿ ಇಲ್ಲ, ಆದರೆ ರಥದಿಂದ ಇಳಿಯುವಾಗ ಸಿಟ್ಟು ಸಾಲಲಿಲ್ಲ ಮಾರಾಯ್ರೆ. ಕೃಷ್ಣ? ಕೃಷ್ಣನಿಗೆ ಮಾತು ಉಂಟು, ನಗೆ ಇಲ್ಲ. ಕೃಷ್ಣನಿಗೆ ನಗೆ ಇಲ್ಲದಿದ್ದರೆ ಮತ್ತೆ ಎಂತ ಇದ್ದು ಎಂತ?

ಆಟ ಕನ್ನಡದಲ್ಲಿ, ಅದರ ವಿಚಾರಣೆ ತುಳುವಿನಲ್ಲಿ. ಟಿಕೆಟು ಹರಿಯುತ್ತಿದ್ದ ಕಂಡಕ್ಟರು ಕೂಡ ನಡುವೆ ನಿಂತು ತನ್ನ ಅಭಿಪ್ರಾಯ ಹೇಳಿಯೇ ಮುಂದೆ ಹೋಗುತ್ತಿದ್ದ. ಹಿಂದಿನ ರಾತ್ರಿ ಅವನಿಗೆ ಆಟ ನೋಡಲು ಆಗಿರದಿದ್ದರೂ ಆ ಆಟದ ಕರ್ಣನನ್ನು ಬೇರೆ ಹತ್ತು ಕಡೆ ಅವನು ನೋಡಿದ್ದ. ನಾನು ಹುಡುಗ. 1980ರ ದಶಕದ ಮೊದಲ ವರ್ಷಗಳು. ನನಗೆ ರಂಗವಿಮರ್ಶೆ ಎಂದರೆ ಏನೆಂದು ಮೊದಲು ತಿಳಿದದ್ದು ಆ ಬಸ್ಸುಗಳಲ್ಲಿ.

ಅದೇ ಬಸ್ಸಿನ ಕಿಟಕಿ ಬದಿಯಲ್ಲಿ ಕೂತು, ಒಂದೂ ಮಾತಾಡದೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವರು ನಮ್ಮ ಮಾಷ್ಟ್ರು. ಪ್ರಾಥಮಿಕ ಶಾಲೆಯ ಅಧ್ಯಾಪಕರು. ಹೆಸರು ಬರೆಯುವುದಿಲ್ಲ, ಅವರು ಪತ್ರಿಕೆಗೆ ಬರೆಯುವಾಗಲೂ ಎರಡಕ್ಷರದ ಅಂಕಿತ ಹಾಕುತ್ತಿದ್ದರೇ ಹೊರತು ಹೆಸರು ಹಾಕಿದವರಲ್ಲ. ಅವರ ಕೈಯಲ್ಲಿ ಇನ್ನೂರು ಪುಟದ ಗೆರೆ ಪುಸ್ತಕ, ಪಕ್ಕದವರ ಕಣ್ಣಿಗೆ ಬಡಿಯದ ಹಾಗೆ ಬಾಯಿಗೆ ಕಾಗದ ಕಟ್ಟಿದ ಟಾರ್ಚು. ಪುಸ್ತಕದ ಎಡಬದಿಯಲ್ಲಿ ಗಂಟೆ, ಬಲಬದಿಯಲ್ಲಿ ಕಂಡದ್ದು. ಆ ರಾತ್ರಿಯ ಪುಟ ನನಗೆ ಇವತ್ತಿಗೂ ಬಾಯಿಪಾಠ. 1.10, ಕರ್ಣನ ಪ್ರವೇಶ, ತೆರೆ ಕುಣಿತ ಪೂರ್ತಿ. 2.40, ಶಲ್ಯ ಇಳಿದದ್ದು, ಚೆಂಡೆಯ ಅಬ್ಬರದಲ್ಲಿ ಕೊನೆಯ ಮಾತು ಕೇಳಲಿಲ್ಲ. 3.25ರಿಂದ 3.50, ಬಿದ್ದ ಕರ್ಣನ ಮಾತು. ಈ ಮೂರನೆಯದರ ಅಡಿಗೆ ಎರಡು ಗೀಟು.

ಅವತ್ತು ಮೊದಲು ಕರ್ಣಪರ್ವ, ಬೆಳಗಿನ ಜಾವಕ್ಕೆ ಗದಾಪರ್ವ. ಕರ್ಣ ಮಾಡಿದವರು ಆ ಕಾಲದ ದೊಡ್ಡ ಹೆಸರು. ಅವರನ್ನು ನೋಡಲೆಂದೇ ಜನ ಬಂದಿದ್ದರು. ಮಾಷ್ಟ್ರು ಮನೆಗೆ ಬಂದು ಮಿಂದು, ಗಂಜಿ ಉಂಡು, ಶಾಲೆಗೆ ಹೋಗಿ, ಸಂಜೆ ಬರೆಯಲು ಕೂತರು. ಎಲ್ಲ ಒಳ್ಳೆಯದನ್ನೂ ಬರೆದರು. ಕರ್ಣನ ಒಡ್ಡೋಲಗದ ಗತ್ತು, ತೊಟ್ಟ ಬಾಣವನ್ನು ಮತ್ತೆ ತೊಡಲಾರೆ ಎನ್ನುವಲ್ಲಿಯ ನಿಲುವು, ಯಾವುದನ್ನೂ ಬಿಡಲಿಲ್ಲ. ಕಡೆಯಲ್ಲಿ ಒಂದು ವಾಕ್ಯ ಸೇರಿಸಿದರು: ಬಾಣ ತಾಗಿ ಬಿದ್ದವನ ಮಾತಿಗೆ ಉಸಿರಿನ ಲೆಕ್ಕ ಇರಬೇಕು, ಇಪ್ಪತ್ತೈದು ನಿಮಿಷದ ಪಾಂಡಿತ್ಯಕ್ಕೆ ಆ ಎದೆಯಲ್ಲಿ ಉಸಿರು ಎಲ್ಲಿಂದ ಬಂತು? ಅದನ್ನು ಬುಕ್‌ಪೋಸ್ಟ್ ಮಾಡಿ ಬಂದರು. ಎರಡು ವಾರ ಕಳೆದು ಅಚ್ಚಾಯಿತು. ಆ ಮೇಲೆ ಒಂದು ಸಣ್ಣ ಮನಿಯಾರ್ಡರ್ ಬಂತು. ಆ ಹಣಕ್ಕಿಂತ ಆಟ ನೋಡಲು ಹೋಗಿ ಬಂದ ಬಸ್ಸಿನ ಖರ್ಚೇ ಹೆಚ್ಚು.

ಅದೇ ವರ್ಷದ ತಿರುಗಾಟದಲ್ಲಿ ಮೂಡುಬಿದಿರೆಯ ಹತ್ತಿರದ ಒಂದು ಗದ್ದೆಯಲ್ಲಿ ಅದೇ ಮೇಳದ ಆಟ. ಮಾಷ್ಟ್ರ ಜೊತೆಗೆ ನಾನೂ ಹೋಗಿದ್ದೆ. ಅವರಿಗೆ ಚೌಕಿಗೆ, ಎಂದರೆ ಬಣ್ಣದ ಮನೆಗೆ, ಹೋಗಿ ದೇವರಿಗೆ ಕೈಮುಗಿದು ಬರುವ ರೂಢಿ. ಗಣಪತಿಯ ಮುಂದೆ ದೀಪ, ಎರಡು ಸಾಲಿನಲ್ಲಿ ಪೆಟ್ಟಿಗೆಗಳು, ಪೆಟ್ಟಿಗೆಯ ಮುಂದೆ ಕನ್ನಡಿ ಹಿಡಿದು ಕೂತ ಕಲಾವಿದರು. ಆ ದೊಡ್ಡ ವೇಷಧಾರಿ ಅರ್ಧ ಮುಖಕ್ಕೆ ಬಣ್ಣ ಹಾಕಿದ್ದರು. ಕನ್ನಡಿಯಲ್ಲೇ ಮಾಷ್ಟ್ರನ್ನು ಕಂಡು, ತಿರುಗದೆ, ‘ಕೂತ್ಕೊಳ್ಳಿ ಮಾಷ್ಟ್ರೇ’ ಅಂದರು. ನನಗೆ ಕೈಕಾಲು ತಣ್ಣಗಾಯಿತು.

‘ನೀವು ಬರೆದದ್ದು ಓದಿದೆ. ಎರಡು ದಿನ ಊಟ ಸೇರಲಿಲ್ಲ.’

ಮಾಷ್ಟ್ರು ಏನೂ ಹೇಳಲಿಲ್ಲ.

‘ಇವತ್ತೂ ಕರ್ಣ ನನ್ನದೇ. ಮೂರೂವರೆಗೆ ನಿದ್ದೆ ಮಾಡ್ಬೇಡಿ, ಆಯ್ತಾ?’

ಆ ರಾತ್ರಿ ಬಿದ್ದ ಕರ್ಣನ ಬಳಿಗೆ ವಿಪ್ರವೇಷದ ಕೃಷ್ಣ ಬಂದು ಪುಣ್ಯವನ್ನು ಬೇಡಿದಾಗ ಕರ್ಣ ಆಡಿದ್ದು ಆರೇಳು ಮಾತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುವ ಸದ್ದು. ಭಾಗವತರಿಗೆ ಅರ್ಥವಾಯಿತು. ಚೆಂಡೆ ನಿಲ್ಲಿಸಿ ಮದ್ದಳೆಯೊಂದನ್ನೇ ಇಟ್ಟುಕೊಂಡು ಪದ್ಯವನ್ನು ತೀರ ಕೆಳಗಿನ ಸ್ಥಾಯಿಗೆ ಇಳಿಸಿದರು. ಕಡ್ಲೆ ಮಾರುವ ಹುಡುಗ ಬುಟ್ಟಿಯನ್ನು ನೆಲದಲ್ಲಿಟ್ಟು ನಿಂತ. ಮಾಷ್ಟ್ರು ಪುಸ್ತಕ ತೆರೆಯಲೇ ಇಲ್ಲ. ಬೆಳಗ್ಗೆ ಬಸ್ಸಿನಲ್ಲಿ ಬರೆದರು: 3.30, ಆರು ನಿಮಿಷ. ಅದನ್ನೂ ಪತ್ರಿಕೆಗೆ ಕಳಿಸಿದರು, ತಪ್ಪು ತೋರಿಸಿ ಬರೆದಾಗ ಇದ್ದಷ್ಟೇ ಮುತುವರ್ಜಿಯಿಂದ.

ವಿಮರ್ಶೆ ಎಂದರೆ ನನಗೆ ಇದೇ. ರಾತ್ರಿಯಿಡೀ ಕೂತು ನೋಡಿದವನು ಕಂಡದ್ದನ್ನು ಮುಖ ನೋಡದೆ ಹೇಳಬೇಕು. ಆಡಿದವನು ನೊಂದುಕೊಂಡರೂ ಅದನ್ನು ಒಳಗೆ ತೆಗೆದುಕೊಳ್ಳಬೇಕು. ಈ ಕೊಡುಕೊಳೆ ನಮ್ಮಲ್ಲಿ ಕಣ್ಣೆದುರೇ ಆರಿಹೋಗುತ್ತಿದೆ. ಬರೆಯಲು ಕೂತದ್ದು ಆ ಸಂಕಟಕ್ಕೆ.

ಈ ಮಣ್ಣಿಗೆ ವಿಮರ್ಶೆ ಹೊರಗಿನಿಂದ ಬಂದದ್ದಲ್ಲ. ಬಂಟ್ವಾಳ ತಾಲೂಕಿನ ವಿಟ್ಲ ಸೀಮೆಯನ್ನೇ ನೋಡಿ. ಪಂಪನ ಮೇಲೆ ಬರೆದ ಮುಳಿಯ ತಿಮ್ಮಪ್ಪಯ್ಯನವರು ಅದೇ ಶ್ರದ್ಧೆಯಿಂದ ಯಕ್ಷಗಾನ ಕವಿ ಪಾರ್ತಿಸುಬ್ಬನ ಮೇಲೂ ಬರೆದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪ್ರಸಂಗಗಳನ್ನು ಸಂಪಾದಿಸಿದರು. ಆಚೆ ಪುತ್ತೂರಿನಲ್ಲಿ ಕೂತಿದ್ದ ಶಿವರಾಮ ಕಾರಂತರು, ರಾಮಾಯಣದ ಆ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವೇ ಅಲ್ಲ, ಬಡಗಿನ ಅಜಪುರದ ಸುಬ್ಬನವು ಎಂದು ವಾದ ಹೂಡಿದರು. ಜಗಳ ಎಂದರೆ ಜಗಳವೇ, ದಶಕಗಟ್ಟಲೆ ನಡೆಯಿತು. ಆದರೆ ಎದುರು ಪಕ್ಷದವನ ಒಂದೊಂದು ಸಾಲನ್ನೂ ಓದಿ, ತಾಳೆಗರಿ ಹುಡುಕಿ, ಪದ್ಯದ ಮಟ್ಟು ನೋಡಿ ಆಡಿದ ಜಗಳ ಅದು. ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಗದ್ದೆಯ ಆಟದ ಮೇಲೂ ಹೀಗೆ ತಲೆ ಕೆಡಿಸಿಕೊಂಡು ಬರೆಯಬಹುದು ಎಂದು ಉಳಿದ ಕರ್ನಾಟಕಕ್ಕೆ ತಿಳಿಯಿತು.

ಪತ್ರಿಕೆಗಳೂ ಜಾಗ ಕೊಟ್ಟವು. ಮಂಗಳೂರಿನಲ್ಲಿ 1941ರಿಂದ ‘ನವಭಾರತ’, ಮಣಿಪಾಲದಿಂದ 1970ರಲ್ಲಿ ಹೊರಟ ‘ಉದಯವಾಣಿ’, 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರ ‘ಮುಂಗಾರು’. ಉದಯವಾಣಿಯಲ್ಲಿ ಎ. ಈಶ್ವರಯ್ಯನವರು ಸಂಗೀತ, ನೃತ್ಯ, ನಾಟಕ, ಚಿತ್ರ ಯಾವುದನ್ನು ಬರೆದರೂ ಓದಿದವನ ಕಣ್ಣು ಕಿವಿ ಒಂದಿಷ್ಟು ಹದವಾಗುತ್ತಿತ್ತು. ಪತ್ರಿಕೆಯ ಕೆಲಸದಲ್ಲಿದ್ದುಕೊಂಡೇ ಕೆ. ಎಂ. ರಾಘವ ನಂಬಿಯಾರರು ‘ಹಿಮ್ಮೇಳ’ದಂಥ ಗ್ರಂಥವನ್ನು ಬರೆದರು. ಡಾ. ಎಂ. ಪ್ರಭಾಕರ ಜೋಶಿಯವರ ‘ಜಾಗರ’, ‘ಕೇದಗೆ’, ‘ಮಾರುಮಾಲೆ’ಗಳನ್ನು ನಮ್ಮ ಮಾಷ್ಟ್ರು ಬೈಂಡು ಬಿಡುವಷ್ಟು ಓದಿದ್ದರು. ಜೋಶಿಯವರು ಸ್ವತಃ ತಾಳಮದ್ದಳೆಯ ಅರ್ಥಧಾರಿ. ರಾತ್ರಿ ಕೂಟದಲ್ಲಿ ಕೂತು ಅರ್ಥ ಹೇಳಿದವರೇ ಹಗಲು ಆ ಕಲೆಯನ್ನು ಒರೆಗೆ ಹಚ್ಚಿ ನೋಡುತ್ತಿದ್ದರು. ಕೃಷ್ಣಸಂಧಾನ ಪ್ರಸಂಗವೊಂದನ್ನೇ ಹಿಡಿದು ಸಂಶೋಧನೆ ಮಾಡಿದರು. 2024ರ ಜನವರಿಯಲ್ಲಿ ತೀರಿಕೊಂಡ ಅಮೃತ ಸೋಮೇಶ್ವರರೂ ಹಾಗೆಯೇ, ಪ್ರಸಂಗ ಬರೆದವರೂ ಹೌದು, ಪ್ರಸಂಗಗಳ ಓರೆಕೋರೆ ತೋರಿಸಿದವರೂ ಹೌದು. ಧರ್ಮಸ್ಥಳ ಮೇಳದ ಭಾಗವತರಾಗಿದ್ದ ಕಡತೋಕಾ ಮಂಜುನಾಥ ಭಾಗವತರು ‘ಯಕ್ಷಗಾನ’ ಎಂಬ ಪತ್ರಿಕೆಯನ್ನೇ ನಡೆಸಿದರು. ರಾತ್ರಿಯಿಡೀ ಹಾಡಿದ ಮನುಷ್ಯ ಹಗಲು ಕರಡು ತಿದ್ದಿದ್ದಾರೆ ಎಂದರೆ ಅದು ಸಣ್ಣ ಮಾತಲ್ಲ.

ಇವರಲ್ಲಿ ಯಾರೂ ಆಟದ ವಿಮರ್ಶೆಯೊಂದನ್ನೇ ನಂಬಿ ಹೊಟ್ಟೆ ಹೊರೆದವರಲ್ಲ. ಕಾಲೇಜು ಪ್ರಾಧ್ಯಾಪಕರು, ಪತ್ರಕರ್ತರು, ಶಾಲಾ ಮಾಷ್ಟ್ರು, ಬ್ಯಾಂಕಿನವರು. ಸಂಬಳ ಒಂದು ಕಡೆ, ನಿದ್ದೆಗೆಡುವುದು ಇನ್ನೊಂದು ಕಡೆ. ಆದರೂ ಅವರ ಶಿಸ್ತು ಕಸುಬುದಾರನ ಶಿಸ್ತು. ಕೋಡಂಗಿ ವೇಷದಿಂದ ಮಂಗಳದವರೆಗೆ ಕೂರದೆ ಒಂದು ಸಾಲು ಬರೆಯುವುದಿಲ್ಲ ಎಂದು ಮಾಷ್ಟ್ರು ಹಠ ಹಿಡಿದಿದ್ದರು. ಒಮ್ಮೆ ಜ್ವರ ಬಂದು ನಡುರಾತ್ರಿ ಎದ್ದು ಬಂದದ್ದಕ್ಕೆ ಆ ಆಟದ ಬಗ್ಗೆ ಬರೆಯಲೇ ಇಲ್ಲ.

ಒಬ್ಬರ ಮಾತು ಹೇಳದೆ ಮುಂದೆ ಹೋಗಲಾರೆ. ಮೂಡುಬಿದಿರೆಯ ಹತ್ತಿರ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ಹೋದರು. ಕಟೀಲು ಮೇಳದಲ್ಲಿ ಅವರ ಹಾಡು ಕೇಳಿದವರಿಗೆ ಆ ಏರುಕಂಠ ಮರೆಯುವಂಥದ್ದಲ್ಲ. ಐದು ದಿನ ಆಡುವ ದೇವೀಮಹಾತ್ಮೆಯ ಪ್ರಸಂಗವನ್ನೇ ಬರೆದವರು. ‘ಬಲಿಪ ಶೈಲಿ’ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆ ಶೈಲಿ ಎಂದರೆ ಏನು? ಪದ್ಯವನ್ನು ಎಲ್ಲಿ ಎತ್ತುತ್ತಾರೆ, ಅಕ್ಷರ ಒಡೆಯದ ಹಾಗೆ ತಾಳದಲ್ಲಿ ಹೇಗೆ ಕೂರಿಸುತ್ತಾರೆ, ರಾಗವನ್ನು ಎಳೆದು ಮೆರೆಸದೆ ಪಾತ್ರಕ್ಕೆ ಬೇಕಾದಷ್ಟೇ ತೋರಿಸಿ ಯಾಕೆ ಬಿಡುತ್ತಾರೆ, ಇದನ್ನೆಲ್ಲ ನಮ್ಮಂಥ ಸಾಮಾನ್ಯರಿಗೆ ಬಿಡಿಸಿ ಹೇಳಿದವರು ವಿಮರ್ಶಕರು. ಹೇಳಿಕೊಟ್ಟ ಮೇಲೆ ಆಟಕ್ಕೆ ಹೋದರೆ ಕಿವಿಯೇ ಬೇರೆ. ಧ್ವನಿಮುದ್ರಿಕೆ ಹಾಡನ್ನು ಉಳಿಸೀತು. ಆ ಹಾಡನ್ನು ಹೇಗೆ ಕೇಳಬೇಕು ಎಂಬುದನ್ನು ಉಳಿಸುವವನು ಬರೆದವನು. ಹೀಗೆ ಅಂಕೆಸಂಖ್ಯೆ, ಸನ್ಮಾನಗಳ ಪಟ್ಟಿ ಬಿಟ್ಟು ಹಾಡಿನ ಒಳಗೆ ಇಳಿದು ಬರೆಯುವವರು ಈಗ ಬೆರಳೆಣಿಕೆ.

ಎಲ್ಲಿ ತಪ್ಪಿತು ಎಂದು ಬೇಕಷ್ಟು ಯೋಚಿಸಿದ್ದೇನೆ. ಎಲ್ಲರೂ ಮೊದಲು ಪತ್ರಿಕೆಗಳನ್ನು ದೂರುತ್ತಾರೆ. ಅದು ಸುಳ್ಳಲ್ಲ. ವಾರದ ಕಲಾಪುಟ ಅರ್ಧ ಪುಟವಾಯಿತು, ಅರ್ಧ ಪುಟ ಕಾಲಂ ಆಯಿತು, 2020ರ ಕೊರೊನಾ ಕಾಲದಲ್ಲಿ ಪತ್ರಿಕೆಗಳು ಪುಟ ಇಳಿಸಿದಾಗ ಇದ್ದದ್ದೂ ಇಳಿಯಿತು. ಈಗ ಆಟದ ಸುದ್ದಿ ಎಂದರೆ ದೀಪ ಹಚ್ಚಿದವರು ಯಾರು, ಅಧ್ಯಕ್ಷತೆ ಯಾರದು, ಶಾಲು ಹೊದೆಸಿಕೊಂಡವರು ಯಾರು. ಅವತ್ತು ಆಡಿದ ಪ್ರಸಂಗದ ಹೆಸರು ಕೊನೆಯ ಸಾಲಿನಲ್ಲಿ ಬಂದರೆ ಬಂತು. ಇದು ನಮ್ಮ ಊರಿಗೆ ಮಾತ್ರ ಬಂದ ಗಾಳಿಯೂ ಅಲ್ಲ. 2013ರಲ್ಲಿ ಲಂಡನ್ನಿನ ‘ಇಂಡಿಪೆಂಡೆಂಟ್ ಆನ್ ಸಂಡೆ’ ಪತ್ರಿಕೆ ತನ್ನ ಕಲಾವಿಮರ್ಶಕರನ್ನೆಲ್ಲ ಒಟ್ಟಿಗೆ ಕೈಬಿಟ್ಟಿತು. ಅಷ್ಟು ದೊಡ್ಡ ರಂಗಭೂಮಿ ಇರುವ ಊರಿನಲ್ಲೇ ಹಾಗಾದರೆ ನಮ್ಮ ಪಾಡೇನು?

ಆದರೆ ನನಗೆ ಅನಿಸುವುದು, ಪತ್ರಿಕೆಯ ಪುಟಕ್ಕಿಂತ ಮೊದಲು ನಾವು ಕಳೆದುಕೊಂಡದ್ದು ಆ ಬೆಳಗಿನ ಬಸ್ಸನ್ನು. ಆಟ ಕಾಲಮಿತಿಗೆ ಬಂತು. ಧರ್ಮಸ್ಥಳ ಮೇಳ ಕಾಲಮಿತಿಯಲ್ಲಿ ಆಡಲು ತೊಡಗಿ ವರ್ಷಗಳಾದವು, ಬೇರೆ ಹಲವು ಮೇಳಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಕಾಲಮಿತಿಯನ್ನು ನಾನು ಹಳಿಯುವುದಿಲ್ಲ. ಕಲಾವಿದನಿಗೂ ಮೈ ಇದೆ, ನಿದ್ದೆ ಬೇಕು, ಬೆಳಗ್ಗೆ ಕೆಲಸಕ್ಕೆ ಹೋಗುವ ಪ್ರೇಕ್ಷಕನಿಗೂ ಬೇಕು. ಆದರೆ ನಡುರಾತ್ರಿ ಆಟ ಬಿಟ್ಟ ಕೂಡಲೆ ಎಲ್ಲರೂ ಬೈಕು, ಕಾರು ಹತ್ತಿ ಮನೆಗೆ ಹೋಗಿ ಮಲಗುತ್ತಾರೆ. ನೂರು ಜನ ಒಂದೇ ಬಸ್ಸಿನಲ್ಲಿ ಕೂತು ಇಡೀ ರಾತ್ರಿಯನ್ನು ಮತ್ತೊಮ್ಮೆ ನೋಡುವ ಒಂದು ಗಂಟೆ ಹೋಯಿತು. ಮಾಷ್ಟ್ರು ಬರೆದದ್ದರಲ್ಲಿ ಅರ್ಧ ಆ ಬಸ್ಸಿನದು, ಅದನ್ನು ಅವರೇ ಹೇಳುತ್ತಿದ್ದರು. ಜನ ಆಡದ ಮಾತನ್ನು ವಿಮರ್ಶಕ ಒಬ್ಬನೇ ಎಲ್ಲಿಂದ ತರಬೇಕು?

ಅದರ ಜಾಗಕ್ಕೆ ಈಗ ಮೊಬೈಲು ಬಂದಿದೆ. ಆಟ ನಡೆಯುತ್ತಿರುವಾಗಲೇ ನೇರಪ್ರಸಾರ, ಮರುದಿನ ಯೂಟ್ಯೂಬಿನಲ್ಲಿ ತುಣುಕು. ದುಬೈಯಲ್ಲಿ, ಮುಂಬೈಯಲ್ಲಿ ಇರುವ ನಮ್ಮವರು ಊರಿನ ಆಟವನ್ನು ಅಲ್ಲಿಂದಲೇ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ, ಅದು ದೊಡ್ಡ ಉಪಕಾರ. ಆದರೆ ತುಣುಕಿನಲ್ಲಿ ಉಳಿಯುವುದು ಯಾವುದು? ಹದಿನೈದು ದಿಗಿಣ, ಚೆಂಡೆಯ ಬಿರುಸು, ಹಾಸ್ಯದ ಒಂದು ಚಟಾಕಿ. ಆರು ನಿಮಿಷ ಮೆಲ್ಲನೆ ಉಸಿರೆಳೆದು ಮಾತಾಡಿದ ಕರ್ಣನನ್ನು ಯಾರೂ ಕತ್ತರಿಸಿ ಹಂಚುವುದಿಲ್ಲ. ಹಂಚದ್ದನ್ನು ಕಲಾವಿದ ಮುಂದಿನ ಸಲ ಯಾಕೆ ಮಾಡಬೇಕು? ರುಚಿ ಕೆಡುವುದು ಹೀಗೆ, ಯಾರೊಬ್ಬರ ತಪ್ಪಿನಿಂದಲೂ ಅಲ್ಲ, ಹೇಳುವವನಿಲ್ಲದೆ.

ವಾಟ್ಸಾಪ್ ಗುಂಪುಗಳಲ್ಲಿ ಮಾತು ಇಲ್ಲವೆಂದಲ್ಲ. ಅಲ್ಲಿ ಅಭಿಮಾನಿಗಳಿದ್ದಾರೆ. ಒಬ್ಬ ಭಾಗವತರ ಬಗ್ಗೆ ಒಂದು ಸಾಲು ಆಕ್ಷೇಪ ಬರೆದರೆ ಅವರ ಬಳಗ ಎದ್ದು ನಿಲ್ಲುತ್ತದೆ, ಬರೆದವನ ಊರು, ಜಾತಿ, ಅವನ ಹಳೆಯ ಯಾವುದೋ ಫೋಟೋ ಎಲ್ಲ ಹೊರಗೆ ಬರುತ್ತವೆ. ಐದಾರು ವರ್ಷದ ಹಿಂದೆ ಒಂದು ಸಂಘದ ಸಂಚಿಕೆಗೆ ನನ್ನಿಂದ ಲೇಖನ ಕೇಳಿದ್ದರು. ಪೂರ್ವರಂಗವನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ದರಿಂದ ಎಳೆಯ ಹುಡುಗರಿಗೆ ಹೆಜ್ಜೆ ಗಟ್ಟಿಯಾಗುವ ಜಾಗವೇ ಇಲ್ಲವಾಗಿದೆ ಎಂದು ಒಂದು ಪ್ಯಾರಾ ಬರೆದಿದ್ದೆ. ಯಾರ ಹೆಸರೂ ಇರಲಿಲ್ಲ. ಅಚ್ಚಾಗಿ ಬಂದ ಸಂಚಿಕೆಯಲ್ಲಿ ಆ ಪ್ಯಾರಾವೂ ಇರಲಿಲ್ಲ. ಕೇಳಿದಾಗ, ‘ಎಲ್ಲರೂ ನಮ್ಮವರೇ ಅಲ್ವಾ ಸರ್, ಸುಮ್ನೆ ಯಾಕೆ ಬೇಸರ’ ಎಂದರು. ಆ ಮಾತು ಅಷ್ಟು ಪ್ರೀತಿಯಿಂದ ಬಂದಿತ್ತು, ನನಗೆ ಎದುರಾಡಲು ಆಗಲಿಲ್ಲ. ಆದರೆ ಆ ದೊಡ್ಡ ವೇಷಧಾರಿಗೆ ಎರಡು ದಿನ ಊಟ ಸೇರದ್ದು ಮಾಷ್ಟ್ರು ಅವರಿಗೆ ಹೊರಗಿನವರಾಗಿದ್ದಕ್ಕಲ್ಲ, ತನ್ನವರಾಗಿದ್ದಕ್ಕೆ.

ಕಲಿಸುವ ಕೆಲಸ ಹಿಂದೆಂದಿಗಿಂತ ಚೆನ್ನಾಗಿ ನಡೆಯುತ್ತಿದೆ, ಅದನ್ನು ಕಂಡು ಸಂತೋಷವೂ ಆಗುತ್ತದೆ. ಶಾಲೆ ಶಾಲೆಗಳಲ್ಲಿ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾರೆ. ಹೆಣ್ಣುಮಕ್ಕಳು ಚೆಂಡೆ ಬಾರಿಸುತ್ತಾರೆ, ಭಾಗವತಿಕೆ ಮಾಡುತ್ತಾರೆ. ಮೂಡುಬಿದಿರೆಯಲ್ಲಿ ಡಾ. ಮೋಹನ ಆಳ್ವರು ಕಟ್ಟಿದ ಸಂಸ್ಥೆಯ ಮಕ್ಕಳು ಯಕ್ಷಗಾನವನ್ನೂ ಆಡುತ್ತಾರೆ, ಜೀವನ್‌ರಾಂ ಸುಳ್ಯರ ನಿರ್ದೇಶನದಲ್ಲಿ ಹಂಪನಾ ಅವರ ಕಾವ್ಯವನ್ನು ಆಧರಿಸಿದ ‘ಚಾರುವಸಂತ’ದಂಥ ದೊಡ್ಡ ನಾಟಕವನ್ನೂ ಆಡಿದ್ದಾರೆ. ಮಳೆಗಾಲದಲ್ಲಿ ಉಜಿರೆ, ಬೆಳ್ತಂಗಡಿಯ ಕಡೆ ತಾಳಮದ್ದಳೆ ಕೂಟಗಳು ನಡೆಯುತ್ತಲೇ ಇವೆ. ಕುಣಿಯುವವರು, ಹಾಡುವವರು, ಆಡುವವರು ತಯಾರಾಗುತ್ತಿದ್ದಾರೆ. ಆದರೆ ಆ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರನ್ನಾದರೂ ಕೂರಿಸಿ, ನೀನು ಕುಣಿಯುವುದು ಬೇಡ, ನೋಡು, ನೋಡಿದ್ದನ್ನು ಬರೆ ಎಂದು ಹೇಳಿಕೊಡುವವರು ಬೇಕಲ್ಲ? ಹೆಗ್ಗೋಡಿನ ನೀನಾಸಮ್‌ನಲ್ಲಿ ನಾಟಕ ಆಡಿದ ಮರುದಿನ ಅದನ್ನು ಎಲ್ಲರೂ ಕೂತು ಚರ್ಚಿಸುವ ಕ್ರಮವೊಂದು ಬೆಳೆದು ಬಂದಿದೆ. ನಮ್ಮ ಕಾಲೇಜುಗಳಲ್ಲಿ ಅಷ್ಟು ಮಾಡಲು ದುಡ್ಡೇನೂ ಬೇಡ. ಒಂದು ಕೋಣೆ, ಆಡಿದವರು, ನೋಡಿದವರು, ಒಂದು ಗಂಟೆ.

ಮಾಷ್ಟ್ರು ತೀರಿಕೊಂಡು ಹದಿನೆಂಟು ವರ್ಷವಾಯಿತು. ಅವರ ಮನೆಯ ಮಾಡು ಬದಲಿಸುವಾಗ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಆ ಗೆರೆ ಪುಸ್ತಕಗಳಿದ್ದವು. ಹೆಚ್ಚಿನವು ಗೆದ್ದಲಿಗೆ ಮಣ್ಣಾಗಿದ್ದವು. ಅವರ ಮಗ ನನಗೆ ಫೋನು ಮಾಡಿ, ‘ನಿಮಗೆ ಬೇಕಾದ್ರೆ ಬನ್ನಿ, ಇಲ್ಲದಿದ್ರೆ ಒಲೆಗೆ ಹಾಕ್ತೇವೆ’ ಎಂದ. ಹೋಗಿ ತಂದೆ. ಸರಿಯಾಗಿ ಉಳಿದದ್ದು ನಾಲ್ಕು. ಒಂದರಲ್ಲಿ ಆ ಸಿದ್ದಕಟ್ಟೆಯ ಕರ್ಣ ಇದ್ದಾನೆ, ಮೂಡುಬಿದಿರೆಯ ಕರ್ಣನೂ ಇದ್ದಾನೆ. ಆ ಎರಡು ರಾತ್ರಿಗಳ ಫೋಟೋ ಇಲ್ಲ, ಕ್ಯಾಸೆಟ್ಟು ಇಲ್ಲ, ವೇಷಧಾರಿಯೂ ಇಲ್ಲ, ಅವತ್ತು ಹಾಡಿದ ಭಾಗವತರೂ ಇಲ್ಲ. ಆ ರಾತ್ರಿಗಳು ಹೇಗೆ ನಡೆದವು ಎಂಬುದಕ್ಕೆ ನನ್ನ ನೆನಪನ್ನು ಬಿಟ್ಟರೆ ಕೈಯಲ್ಲಿ ಇರುವುದು ಪೆನ್ಸಿಲಿನಲ್ಲಿ ಬರೆದ ಆ ಎರಡು ಪುಟ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳೆಯ ಮನೆಗಳಲ್ಲಿ ಇಂಥ ಪುಸ್ತಕ, ಇಂಥ ಕತ್ತರಿಸಿಟ್ಟ ಪತ್ರಿಕೆಯ ಚೂರುಗಳು ಇನ್ನೂ ಇದ್ದಾವು. ಅಟ್ಟ ಗುಡಿಸುವ ಮೊದಲು ಒಮ್ಮೆ ತೆರೆದು ನೋಡಿ, ಒಲೆಗೆ ಹಾಕಬೇಡಿ. ಮೇಳಗಳು ತಿರುಗಾಟ ಮುಗಿಸಿ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಮ್ಮ ಸುತ್ತಮುತ್ತ ಆಟ ಇಲ್ಲದ ರಾತ್ರಿಯೇ ಇರುವುದಿಲ್ಲ. ನೀವು ನೋಡಿದ ಆಟಗಳಲ್ಲಿ ಒಂದರ ಬಗ್ಗೆಯಾದರೂ ಹತ್ತು ಸಾಲು ಬರೆಯಿರಿ. ಊರು, ಮೇಳ, ಪ್ರಸಂಗ, ತಾರೀಕು ಹಾಕಿ. ಯಾವುದು ಚೆನ್ನಾಗಿತ್ತು, ಯಾವುದು ಸಾಲಲಿಲ್ಲ ಎಂದು ಹೇಳಿ. ಪತ್ರಿಕೆ ಹಾಕದಿದ್ದರೆ ಆ ಕಲಾವಿದರ ಕೈಗೇ ಕೊಡಿ.

ಚೌಕಿಯ ಬಾಗಿಲು ಎಲ್ಲರಿಗೂ ತೆರೆದೇ ಇರುತ್ತದೆ.